ಎಂಟು ಮೂರು, ಕೊನೆಗೊಂದು ಒಂದು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಈ ಮೇಷ್ಟ್ರ ವಿಷಯದಲ್ಲಿ ಆ ಮಾತನ್ನು ಪಾಲಿಸಿದರೆ ನಾನು ಇಲ್ಲಿಗೇ ಪೆನ್ನು ಮುಚ್ಚಬೇಕಾಗುತ್ತದೆ. ಹೋದ ತಿಂಗಳು ಅವರು ಚನ್ನಗಿರಿಯಲ್ಲಿ ತೀರಿಕೊಂಡರು. ನುಡಿನಮನದ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ಸರಳಜೀವಿ, ಮಿತಭಾಷಿ, ನಿಗರ್ವಿ ಎಂದು ಹೊಗಳಿದರು. ಬೇರೆ ಯಾರದ್ದೋ ಸಭೆಗೆ ಬಂದುಬಿಟ್ಟೆನೇನೋ ಎಂದು ನಾನು ಎದ್ದು ಹೋಗಿ ಬ್ಯಾನರಿನ ಮೇಲಿದ್ದ ಫೋಟೊವನ್ನು ಹತ್ತಿರದಿಂದ ನೋಡಿಕೊಂಡು ಬಂದೆ. ಅವರೇ. ಅದೇ ಎತ್ತಿದ ಗಲ್ಲ, ಅದೇ ನಮ್ಮನ್ನೆಲ್ಲ ಫೇಲು ಮಾಡುವಂಥ ನೋಟ.

ಹೈಸ್ಕೂಲಿನಲ್ಲಿ ಅವರು ಗಣಿತದ ಮೇಷ್ಟ್ರು, ನಾನು ಕನ್ನಡದವನು. ಮೊದಲು ನ್ಯಾಮತಿಯಲ್ಲಿ, ಆಮೇಲೆ ಚನ್ನಗಿರಿಯಲ್ಲಿ ಅವರ ಜೊತೆ ಕೆಲಸ ಮಾಡಿದೆ. ಒಂದೇ ಸ್ಟಾಫ್ ರೂಮು, ಅಕ್ಕಪಕ್ಕದ ಕುರ್ಚಿ. ಅವರು ಏನಾದರೂ ಹೇಳುವ ಮುಂಚೆ ಕನ್ನಡಕ ತೆಗೆದು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಎಲ್ಲರೂ ಮಾತು ನಿಲ್ಲಿಸಿ ತಮ್ಮ ಕಡೆ ತಿರುಗುವವರೆಗೂ ಅದು ಕೆಳಗಿಳಿಯುತ್ತಿರಲಿಲ್ಲ. ಹೇಳುತ್ತಿದ್ದದ್ದು ಏನೇ ಇರಲಿ, ಮುಗಿಸುತ್ತಿದ್ದದ್ದು ಒಂದೇ ರೀತಿ: "ನಾನು ಹೇಳಿದ್ಮ್ಯಾಲೆ ಮುಗೀತು." ಒಮ್ಮೆ ಚಹಾದಲ್ಲಿ ಸಕ್ಕರೆ ಕಡಿಮೆ ಎಂಬುದನ್ನೂ ಹೀಗೇ ಘೋಷಿಸಿದ್ದರು. ಚಹಾ ತಂದವನು ಮುಗೀತು ಎಂದುಕೊಂಡು ಲೋಟಗಳನ್ನು ಎತ್ತಿಕೊಂಡು ಹೋಗಿಬಿಟ್ಟ.

ಅವರಿಗೆ ಸಂಖ್ಯೆಗಳಲ್ಲಿ ಜಾತಿಭೇದವಿತ್ತು. ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗೆ ಪುಸ್ತಕದಲ್ಲಿ ಅವಿಭಾಜ್ಯ ಎಂದು ಹೆಸರು. ಅವರ ಪಾಲಿಗೆ ಅದೊಂದೇ ಕುಲೀನ ಸಂಖ್ಯೆ, ಉಳಿದವೆಲ್ಲ ಕಂಡಕಂಡವರಿಗೆ ತಲೆಬಾಗುವ ಜನ. ಹೊನ್ನಾಳಿಯಲ್ಲಿದ್ದಾಗ ಬಸ್ಸಿನ ನಂಬರು ಅವಿಭಾಜ್ಯವಾಗಿದ್ದರೆ ಮಾತ್ರ ಹತ್ತುತ್ತಿದ್ದರಂತೆ. ಬಸ್ಸು ಬಂದು ನಿಂತರೆ ಇವರು ಮುಂದೆ ಹೋಗಿ ನಂಬರು ಪ್ಲೇಟಿನ ಎದುರು ಕೈಕಟ್ಟಿ ನಿಲ್ಲುವುದು, ಡ್ರೈವರು ಹಾರ್ನು ಹೊಡೆಯುವುದು.

"ಹತ್ರೀ ಮೇಷ್ಟ್ರೇ, ಹೊತ್ತಾತು."

"ತಡ್ಯಪ್ಪ. ಒಂದೂವರೆ ಸಾವಿರದ ಹದಿನೇಳು... ಮೂವತ್ತೇಳು ನಲವತ್ತೊಂದ್ಲ. ಹೋಗು ಹೋಗು, ನಿನ್ ಗಾಡಿ ಒಡದೋಗೈತೆ."

ಒಡೆದುಹೋದ ಆ ಗಾಡಿ ಹೊತ್ತಿಗೆ ಸರಿಯಾಗಿ ಊರು ಮುಟ್ಟುತ್ತಿತ್ತು. ಮೇಷ್ಟ್ರು ಕುಲೀನ ಬಸ್ಸಿಗೆ ಕಾದು ಮೊದಲ ಪೀರಿಯಡ್ಡು ಮುಗಿದ ಮೇಲೆ ಶಾಲೆಗೆ ಬರುತ್ತಿದ್ದರು.

ಮದುವೆಗಳಿಗೂ ಅವರದು ಕುಲೀನ ಸಂಖ್ಯೆಯದೇ ಉಡುಗೊರೆ. ಕವರಿನಲ್ಲಿ ಒಂದು ಚೀಟಿ, ಚೀಟಿಯಲ್ಲಿ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ, ಕೆಳಗೆ "ಇದರಂತೆ ಬೇರ್ಪಡದೆ ಬಾಳಿ" ಎಂಬ ಆಶೀರ್ವಾದ. ಕೆರೆಬಿಳಚಿಯ ಒಂದು ಜೋಡಿಗೆ ಹೀಗೆ ೩೩೩೩೩೧ ಕೊಟ್ಟರು. ಜೋಡಿ ಎರಡೇ ವರ್ಷಕ್ಕೆ ಬೇರೆಯಾಯಿತು. ಸುದ್ದಿ ಕೇಳಿದ ಮೇಷ್ಟ್ರು ಹೇಳಿದ್ದಿಷ್ಟು: "ಸಂಖ್ಯೆದೇನೂ ತಪ್ಪಿಲ್ಲ."

ಈ ೩೩೩೩೩೧ರ ಹುಟ್ಟೂರು ಜಗಳೂರು. ಅವರ ಮೊದಲ ನೌಕರಿ ಅಲ್ಲಿ. ಮದುವೆಯಾಗಿರಲಿಲ್ಲ, ಬಾಡಿಗೆ ಕೋಣೆ, ಮಧ್ಯಾಹ್ನ ಕರೆಂಟು ಇಲ್ಲ. ಸೀಸದ ಕಡ್ಡಿ ಹಿಡಿದು ಕೂತವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ೩೧ ಅವಿಭಾಜ್ಯ. ಮುಂದೊಂದು ಮೂರು ಇಟ್ಟರೆ ೩೩೧, ಅದೂ ಅವಿಭಾಜ್ಯ. ಇನ್ನೊಂದು ಇಟ್ಟರೆ ೩೩೩೧, ಅದೂ. ಹೀಗೆ ಮೂರರ ಬೆನ್ನಿಗೆ ಮೂರು ಸೇರಿಸುತ್ತ ಹೋದರೂ ಯಾವುದೂ ಒಡೆಯಲಿಲ್ಲ. ೩೩೩೩೩೧ರ ತನಕ ಭಾಗಿಸಿ ನೋಡಿ, ಅದನ್ನು ಜಗಳೂರಿನ ಶಾಲೆಯ ಗೋಡೆಗೆ ಬಣ್ಣದಲ್ಲಿ ಬರೆಸಿದರು. ವರ್ಗವಾಗಿ ಹೊನ್ನಾಳಿಗೆ ಹೋದಾಗ ಇನ್ನೊಂದು ಮೂರು ಏರಿತು, ಅಲ್ಲಿಯ ಗೋಡೆಗೂ ಬಿತ್ತು. ಊರು ಬದಲಾದ ಹಾಗೆ ಬೇರೆಯವರಿಗೆ ಸಾಮಾನು ಹೆಚ್ಚುತ್ತದೆ, ಇವರಿಗೆ ಮೂರು ಹೆಚ್ಚುತ್ತಿತ್ತು. ಹುಡುಗರು ಬೆನ್ನ ಹಿಂದೆ ತ್ರೀತ್ರೀ ಮೇಷ್ಟ್ರು ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವರು ಬಿರುದು ಸಿಕ್ಕವರಂತೆ ನಡೆಯುತ್ತಿದ್ದರು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ನ್ಯಾಮತಿಗೆ ಬಂದ ಹೊಸತರಲ್ಲೂ ಅವರು ಮೈಗಳ್ಳರಲ್ಲ. ಏಳು ಮೂರು, ಕೊನೆಗೊಂದು ಒಂದು, ಹೀಗೆ ಎಂಟು ಅಂಕಿಯ ೩೩೩೩೩೩೩೧ ಅವಿಭಾಜ್ಯ ಹೌದೋ ಅಲ್ಲವೋ ಎಂದು ನೋಡಲು ಒಂದಿಡೀ ಬೇಸಿಗೆ ರಜೆ ಸುರಿದರು. ಐದು ಸಾವಿರದ ಏಳುನೂರು ದಾಟುವವರೆಗೆ ಸಿಗುವ ಅವಿಭಾಜ್ಯಗಳನ್ನೆಲ್ಲ ಹಿಡಿದು, ಒಂದೊಂದರಿಂದಲೂ ಕೈಯಲ್ಲೇ ಭಾಗಿಸಿದರು. ಕ್ಯಾಲ್ಕುಲೇಟರ್ ಮುಟ್ಟುವುದು ಅವರಿಗೆ ಮೈಲಿಗೆ. ಅವರ ಮನೆಯವರು ನನ್ನ ಹೆಂಡತಿಯ ಹತ್ತಿರ ಗೋಳಾಡಿಕೊಂಡಿದ್ದರು: "ಬ್ಯಾರೆ ಗಂಡಸ್ರು ರಜೆ ಬಂದ್ರೆ ಮಾವಿನಹಣ್ಣು ತರ್ತಾರ್ರೀ. ನಮ್ಮನಿಯಾಗೆ ಬರೇ ಶೇಷ ಉಳೀತೈತೆ."

ಶಾಲೆ ತೆರೆದ ದಿನ ಕನ್ನಡಕ ಮೇಲೆದ್ದಿತು. ಎಂಟು ಅಂಕಿಯದೂ ಅವಿಭಾಜ್ಯ! ಅಷ್ಟಕ್ಕೇ ಬಿಡಲಿಲ್ಲ. ಎಷ್ಟು ಮೂರು ಬೇಕಾದರೂ ಬರೆಯಿರಿ, ಕೊನೆಗೆ ಒಂದು ಇದ್ದರೆ ಆ ಸಂಖ್ಯೆ ಒಡೆಯುವುದಿಲ್ಲ, ಇದು ನಿಯಮ, ನನ್ನ ನಿಯಮ ಎಂದರು. ನಾವು ಚಪ್ಪಾಳೆ ತಟ್ಟಿದೆವು. ಪತ್ರಿಕೆಯಲ್ಲಿ ಫೋಟೊ ಬಂತು. ಯಾವುದೋ ಸಂಘದವರು ಪೇಟ ತೊಡಿಸಿ ಬಿರುದು ಕೊಟ್ಟರು. ಆ ಪೇಟ ತಲೆಗೆ ಕೂತ ದಿನದಿಂದ ಮೇಷ್ಟ್ರು ಭಾಗಾಕಾರ ಮಾಡುವುದನ್ನು ನಿಲ್ಲಿಸಿದರು. ಭಾಷಣ ಶುರುವಾಯಿತು.

ಅದೇ ವರ್ಷ ನ್ಯಾಮತಿಗೆ ಇನ್ನೊಬ್ಬರು ಗಣಿತದ ಶಿಕ್ಷಕಿ ಹೊಸದಾಗಿ ಬಂದಿದ್ದರು. ಆಗಿನ್ನೂ ಚಿಕ್ಕ ವಯಸ್ಸು, ಮೆಲುದನಿ, ಆದರೆ ಕೇಳಬೇಕಾದ್ದನ್ನು ಕೇಳದೆ ಬಿಡುವವರಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಕೇಳಿದರು.

"ಸರ್, ಏಳು ಸಲ ಸರಿ ಬಂತು ಅಂತ ಎಂಟನೇ ಸಲಾನೂ ಬರ್ಬೇಕು ಅಂತ ಏನೈತೆ? ಬಸ್ಸು ಏಳು ದಿನ ಹೊತ್ತಿಗೆ ಬಂದ್ರೆ ಎಂಟನೇ ದಿನಾನೂ ಬರ್ತೈತಾ?"

"ಮೇಡಂ, ನನ್ ಸಂಖ್ಯೆ ಬಸ್ಸಲ್ಲ."

ಮೇಡಂ ಅವತ್ತು ತಮ್ಮ ತರಗತಿಗೆ ಹೊರಟರು. ಮರುದಿನ ಒಂದು ಹಾಳೆ ತಂದು ಮೇಷ್ಟ್ರ ಮುಂದಿಟ್ಟರು. "ಸರ್, ಇನ್ನೊಂದು ಮೂರು ಇಟ್ರೆ ಒಂಬತ್ತು ಅಂಕಿ ಆಗ್ತೈತಲ್ಲ, ಅದು ಹದಿನೇಳರಿಂದ ಭಾಗ ಆಗ್ತೈತೆ. ನಾನು ಮಾಡಿ ನೋಡೀನಿ. ನೀವೂ ಒಂದ್ಸಲ ನೋಡ್ರಿ."

ಆ ಹೊತ್ತಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದಿತ್ತು. ಮೇಷ್ಟ್ರು ಹಾಳೆಯ ಕಡೆ ಕಣ್ಣೂ ಹಾಯಿಸದೆ ಅದರ ಮೇಲೆ ಎರಡು ಮೆಣಸಿನಕಾಯಿ ಇಟ್ಟುಕೊಂಡರು. ಎಣ್ಣೆ ಹರಡಿ ಲೆಕ್ಕ ಅಲ್ಲಲ್ಲಿ ಕಪ್ಪಾಯಿತು.

"ಮೇಡಂ, ನಿಮ್ ಭಾಗಾಕಾರನೂ ನಮ್ಮನಿಯಾಕೆ ಒಗ್ಗರಣೆನೂ ಒಂದೇ. ಒಂದೋ ಹೊತ್ತೈತೆ, ಇಲ್ಲಾ ಹಸಿ ಉಳದೈತೆ. ನಾನು ಐದು ಸಾವಿರ ದಾಟಿ ಬಂದೋನು. ನೀವು ಹದಿನೇಳು ತೋರಿಸಾಕೆ ಬಂದೀರಿ."

ಸ್ಟಾಫ್ ರೂಮು ನಕ್ಕಿತು. ಅಲ್ಲಿಗೆ ಆ ಹೆಣ್ಣುಮಗಳ ಹೆಸರು ಹೋಯಿತು. ಮೇಷ್ಟ್ರು ಅವರನ್ನು ಹದಿನೇಳು ಮೇಡಂ ಎಂದೇ ಕರೆದರು. ಒಂದು ವಾರದಲ್ಲಿ ಹುಡುಗರು ಕರೆದರು, ಒಂದು ತಿಂಗಳಲ್ಲಿ ಊರು ಕರೆಯಿತು. ಭಾಗಾಕಾರ ಬರದ ಮೇಡಂ ಎಂದು ಪಾಲಕರು ಬಂದು ತಮ್ಮ ಮಕ್ಕಳ ಸೆಕ್ಷನ್ ಬದಲಿಸಿಕೊಂಡರು. ಹೆಡ್‌ಮಾಸ್ತರು ಎಸ್ಸೆಸ್ಸೆಲ್ಸಿ ತರಗತಿಯನ್ನು ಅವರ ಕೈಯಿಂದ ತೆಗೆದು ಎಂಟನೇ ತರಗತಿ ಕೊಟ್ಟರು. ಇಷ್ಟಕ್ಕೂ ಆ ಹಾಳೆಯನ್ನು ಒಬ್ಬರೂ ಓದಿರಲಿಲ್ಲ. ಗಣಿತದ ಮೇಷ್ಟ್ರು ಒಬ್ಬರು ಹದಿನೇಳರಿಂದ ಭಾಗಿಸಿ ನೋಡಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಅವರಿಗೆ ಹತ್ತಾರು ವರ್ಷ ಸಿಗಲಿಲ್ಲ. 

ಚನ್ನಗಿರಿಗೆ ಬಂದ ಮೇಲೆ ಮೇಷ್ಟ್ರ ಭಾಷಣಕ್ಕೆ ಒಂಬತ್ತನೇ ಅಂಕಿ ಬಂತು. "ಎಂಟು ಮೂರು, ಕೊನೆಗೊಂದು ಒಂದು! ನಿಮ್ ಅಂಗಡಿ ಕ್ಯಾಲ್ಕುಲೇಟರಿಗೆ ಇದು ಹಿಡಿಸಾಕಿಲ್ಲ, ನನ್ ತಲೆಯಾಗೆ ಹಿಡಿಸೈತೆ!" ಎನ್ನುತ್ತಿದ್ದರು. ಎಂಟೇ ಅಂಕಿ ತೋರಿಸುವ ಹಳೆಯ ಕ್ಯಾಲ್ಕುಲೇಟರುಗಳ ಕಾಲ ಮುಗಿದು ಎಲ್ಲರ ಜೇಬಿಗೂ ಮೊಬೈಲು ಬಂದಿತ್ತು. ಆದರೂ ಒಬ್ಬರೂ ಒತ್ತಿ ನೋಡಲಿಲ್ಲ. ಸಭೆಯಲ್ಲಿ ಮೊಬೈಲು ಇರುವುದು ಫೋಟೊ ತೆಗೆಯುವುದಕ್ಕೆ.

ನಿವೃತ್ತಿಯ ಹೊತ್ತಿಗೆ ಸೂಳೆಕೆರೆಯ ಮೀನಿನ ವ್ಯಾಪಾರದಲ್ಲಿ ಮೇಲೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಮುಂದೆ ಬಂದ. ಗಣಿತದಲ್ಲಿ ಎರಡು ಸಲ ಫೇಲಾದವನು. ಮೇಷ್ಟ್ರ ನೆನಪಿಗೆ ಶಾಲೆಯ ಅಂಗಳದಲ್ಲಿ ಕರಿಕಲ್ಲು ನಿಲ್ಲಿಸುತ್ತೇನೆ ಎಂದ. ಬಣ್ಣದ ಗೋಡೆಗಳು ಮಳೆಗೆ ಮಾಸುತ್ತವೆ, ಕಲ್ಲು ಮಾಸುವುದಿಲ್ಲ. ಕಲ್ಲಿನ ಮೇಲೆ ಅಂಗೈ ಅಗಲದ ಅಂಕಿಗಳಲ್ಲಿ ೩೩೩೩೩೩೩೩೧. ಅದರ ಕೆಳಗೆ "ಈ ಸಂಖ್ಯೆ ಅವಿಭಾಜ್ಯ, ಇದನ್ನು ಯಾರೂ ಒಡೆಯಲಾರರು" ಎಂಬ ಸಾಲು. ಅದರ ಕೆಳಗೆ ಮೇಷ್ಟ್ರ ಹೆಸರು, ಪದವಿ, ಬಿರುದು. ಕೆತ್ತುವಾಗ ಮೇಷ್ಟ್ರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮೂರುಗಳನ್ನು ಎಣಿಸುತ್ತ ಕೂತಿದ್ದರು.

ಬೀಳ್ಕೊಡುಗೆಗೆ ನ್ಯಾಮತಿಯ ಮೇಡಂ ಅವರನ್ನು ನಾನೇ ಕರೆದಿದ್ದೆ. ಬಂದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕಲ್ಲಿಗೆ ಹೊದಿಸಿದ್ದ ಬಟ್ಟೆ ಗಾಳಿಗೆ ಸರಿದಿತ್ತು, ಓದಿಕೊಂಡರು. ಆಮೇಲೆ ನೆಟ್ಟಗೆ ಮೇಷ್ಟ್ರ ಹತ್ತಿರ ಹೋಗಿ ನಮಸ್ಕಾರ ಮಾಡಿದರು.

"ಸರ್, ಈಗ್ಲಾದ್ರೂ ಭಾಗ್ಸಿ ನೋಡಿದ್ರಾ?"

ಮೇಷ್ಟ್ರು ಸುತ್ತ ನಿಂತವರ ಕಡೆ ತಿರುಗಿದರು. "ನೋಡ್ರಪಾ, ಹದಿನೇಳು ಮೇಡಂ ಬಂದ್ರು! ಇನ್ನೂ ಅಲ್ಲೇ ಅದಾರೆ."

"ನಾನು ಅಲ್ಲೇ ಅದೀನಿ ಸರ್. ನಾಳೆಯಿಂದ ಮಕ್ಳು ಈ ಕಲ್ಲು ನೋಡ್ಕಂಡೇ ಬರ್ಕಂತಾವೆ. ಅದಕ್ಕೆ ಕೇಳ್ದೆ." ಇಷ್ಟು ಹೇಳಿ ಹಿಂದಿನ ಸಾಲಿನಲ್ಲಿ ಹೋಗಿ ಕೂತರು.

ನಿರೂಪಣೆ ನನ್ನದಾದ್ದರಿಂದ ವೇದಿಕೆಯಲ್ಲಿ ಮೇಷ್ಟ್ರ ಪಕ್ಕದಲ್ಲೇ ಇದ್ದೆ. ಪರದೆ ಸರಿದು ಕಲ್ಲು ಅನಾವರಣವಾಯಿತು. ಮುಖ್ಯ ಅತಿಥಿಗಳು ಮೈಕು ಹಿಡಿದರು, ಬಿಡುವ ಲಕ್ಷಣ ಕಾಣಲಿಲ್ಲ. ಮೇಷ್ಟ್ರಿಗೆ ಹೊತ್ತು ಹೋಗಲಿಲ್ಲವೋ, ಮೇಡಂ ಮಾತು ಎಲ್ಲೋ ಕುಟುಕಿತೋ, ಆಹ್ವಾನ ಪತ್ರಿಕೆಯನ್ನು ಮಗುಚಿ ಪೆನ್ನು ತೆಗೆದರು. ಮೊದಮೊದಲು ತಮಾಷೆಗೆ ಎಂಬ ಹಾಗೆ ತುಟಿಯಂಚಿನಲ್ಲಿ ನಗುತ್ತಲೇ ಕಲ್ಲಿನ ಸಂಖ್ಯೆಯನ್ನು ಹದಿನೇಳರಿಂದ ಭಾಗಿಸಿದರು. ಒಂದು, ಒಂಬತ್ತು, ಆರು, ಸೊನ್ನೆ... ಅಂಕಿಗಳು ಬಲಕ್ಕೆ ಬಂದ ಹಾಗೆ ನಗು ಸಣ್ಣದಾಯಿತು. ಕೊನೆಗೆ ಐವತ್ತೊಂದು ಉಳಿಯಿತು. ಹದಿನೇಳು ಮೂರ್ಲ ಐವತ್ತೊಂದು. ನನ್ನಂಥ ಕನ್ನಡ ಮೇಷ್ಟ್ರಿಗೂ ಅಷ್ಟು ಮಗ್ಗಿ ಬರುತ್ತದೆ. ಪತ್ರಿಕೆಯ ಇನ್ನೊಂದು ಮೂಲೆಯಲ್ಲಿ ಮತ್ತೆ ಮಾಡಿದರು. ಮತ್ತೆ ಅದೇ ಬಂತು. ಶಾಲಿನಿಂದ ಮುಖ ಒರೆಸಿಕೊಂಡರು.

ಅವರ ಸರದಿ ಬಂದಾಗ ಮೈಕಿನ ಮುಂದೆ ನಿಂತರು. ಕನ್ನಡಕ ತೆಗೆಯಲಿಲ್ಲ. "ಎಲ್ರಿಗೂ ನಮಸ್ಕಾರ. ನನಗೇನೂ ಹೇಳಾಕೆ ಆಗ್ತಿಲ್ಲ" ಎಂದು ಬಂದು ಕೂತುಬಿಟ್ಟರು. ಒಂದು ಗಂಟೆಗೆ ಕಡಿಮೆ ಎಂದೂ ಮಾತಾಡದವರು! ಮುಂದಿನ ಸಾಲಿನ ಹೆಂಗಸರು ಕಣ್ಣೀರು ಹಾಕಿದರು. ಮೇಷ್ಟ್ರು ಭಾವುಕರಾದರು ಎಂದು ಮರುದಿನ ಪತ್ರಿಕೆಯಲ್ಲಿ ಬಂತು. ಹಿಂದಿನ ಸಾಲಿನಲ್ಲಿದ್ದ ಮೇಡಂ ಊಟಕ್ಕೂ ನಿಲ್ಲದೆ ನ್ಯಾಮತಿಯ ಬಸ್ಸು ಹಿಡಿದಿದ್ದರು.

ಇಲ್ಲಿಗೆ ಮೇಷ್ಟ್ರು ತಿದ್ದಿಕೊಂಡರು ಎಂದು ನೀವು ತಿಳಿದರೆ ಅವರನ್ನು ನೀವು ಕಂಡಿಲ್ಲ ಎಂದೇ ಅರ್ಥ. ಅವರು ಮೊದಲು ಮಾಡಿದ್ದು ಶಾಲೆಯ ಮುಂದಿನ ರಸ್ತೆ ಬಿಟ್ಟದ್ದು. ತರಕಾರಿಗೂ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ನಾನು ಒಂದು ದಿನ ಅಡ್ಡ ಹಾಕಿ ಕೇಳಿಯೇಬಿಟ್ಟೆ.

"ಕಲ್ಲಿನ ಕಥೆ ಏನ್ ಮಾಡ್ತೀರಿ ಸರ್?"

"ಆ ಕಲ್ಲು ಕೆತ್ತೋನು ಒಂದು ಮೂರು ಜಾಸ್ತಿ ಕೆತ್ಯಾನ್ರೀ. ನಾನೇನ್ ಮಾಡ್ಲಿ?"

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಣಿಸಿದ ಮನುಷ್ಯ! ಈ ಮಾತು ಕಲ್ಲು ಕೆತ್ತಿದ ಉಬ್ರಾಣಿಯ ಕೆಲಸಗಾರನಿಗೂ ಮುಟ್ಟಿತು. ಅವನು ಬಜಾರಿನಲ್ಲಿ ಮೇಷ್ಟ್ರ ದಾರಿಗೆ ನಿಂತು, "ನನ್ ಉಳಿಗೆ ಲೆಕ್ಕ ಬರಾಕಿಲ್ಲ ಸಾರ್, ನೀವು ಹೇಳಿದಷ್ಟೇ ಹೊಡದೈತೆ" ಎಂದು ಮುಖಕ್ಕೇ ಅಂದ. ಆಮೇಲೆ ಮೇಷ್ಟ್ರ ವಾದ ಬದಲಾಯಿತು. ನಿಯಮ ಸರಿಯೇ, ಒಂಬತ್ತು ಅಂಕಿಯದು ಒಂದು ಅಪವಾದ, ಒಳ್ಳೆಯ ಮನೆತನದಲ್ಲೂ ಒಬ್ಬ ಪೋಲಿ ಹುಟ್ಟುವುದಿಲ್ಲವೇ ಎಂದು ಸಮಜಾಯಿಷಿ ಕೊಟ್ಟರು.

"ಹಂಗಾದ್ರೆ ಹತ್ತು ಅಂಕಿಯದು?" ಎಂದೆ.

ಮೇಷ್ಟ್ರು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟರು. ಆದರೆ ಕೆಲವು ದಿನಗಳ ಮೇಲೆ ಅವರ ಮನೆಯವರು ಸಿಕ್ಕು, "ರೋಗ ಮತ್ತೆ ಶುರು ಆಗೈತ್ರೀ" ಎಂದರು. ಹೋಗಿ ನೋಡಿದರೆ ನಡುಮನೆಯ ತುಂಬ ಹಾಳೆ. ಒಂಬತ್ತು ಮೂರು, ಕೊನೆಗೊಂದು ಒಂದು. ಅಷ್ಟು ವರ್ಷಗಳ ಮೇಲೆ ಮೇಷ್ಟ್ರು ಕೈಯಾರೆ ಭಾಗಿಸುತ್ತ ಕೂತಿದ್ದರು.  ಅಂಕಿಗಳು ಒಂದರ ಕೆಳಗೊಂದು ನಿಲ್ಲದೆ ಜಾರುತ್ತಿದ್ದವು. ಆಗ ಮಾತ್ರ ನನಗೆ ಅವರ ಮೇಲೆ ಪ್ರೀತಿ ಬಂತು ಎಂದು ನಾಚಿಕೆಯಿಲ್ಲದೆ ಹೇಳುತ್ತೇನೆ.

ಮೂರನೇ ವಾರ ಅವರೇ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂತು ನೀರು ಕುಡಿದರು.

"ಇದೂ ಹೋತು ಕಣ್ರೀ. ಆರ್ನೂರ ಎಪ್ಪತ್ಮೂರರಿಂದ ಹೋತು. ನಿಯಮ ಅನ್ನೋದು ಇರ್ಲೇ ಇಲ್ಲ." ಲೋಟ ಕೆಳಗಿಟ್ಟು ಹೇಳಿದರು, "ಆ ಹುಡುಗಿ ಹಾಳಿ ತಂದು ಕೊಟ್ಟಿದ್ಲು. ನಾನು ಅದರ ಮ್ಯಾಲೆ ಮೆಣಸಿನಕಾಯಿ ಇಟ್ಟೆ."

ಮರುದಿನ ಉಬ್ರಾಣಿಯ ಅದೇ ಕೆಲಸಗಾರನನ್ನು ಆಟೊದಲ್ಲಿ ಕೂರಿಸಿಕೊಂಡು ಶಾಲೆಗೆ ಹೊರಟರು. ಜೊತೆಗೆ ನಾನು. ಹೆಡ್‌ಮಾಸ್ತರು ಗಾಬರಿಯಾದರು. "ಸಾರ್, ಕಲ್ಲು ದಾನಿಗಳದ್ದು. ಅಭಿವೃದ್ಧಿ ಸಮಿತಿ ಒಪ್ಪಬೇಕು, ಮೀಟಿಂಗ್ ಕರೀಬೇಕು."

"ಕಲ್ಲು ದಾನಿದು, ತಪ್ಪು ನಂದು. ನನ್ ತಪ್ಪಿಗೆ ನಿಮ್ ಮೀಟಿಂಗ್ ಯಾಕ್ರೀ? ನಾನು ಹೇಳಿದ್ಮ್ಯಾಲೆ ಮುಗೀತು!" ಶಾಲೆಯೇ ಅದುರುವಂತೆ ಕೂಗಿದರು. ತಪ್ಪೊಪ್ಪಿಕೊಳ್ಳುವಾಗಲೂ ಬೈದೇ ಒಪ್ಪಿಕೊಂಡ ಮನುಷ್ಯನನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಕೆತ್ತುವುದು ಮುಗಿಯುವ ತನಕ ಬಿಸಿಲಿನಲ್ಲೇ ನಿಂತಿದ್ದರು. ಕಲ್ಲಿನ ತಳದಲ್ಲಿ ಹೊಸ ಸಾಲು ಮೂಡಿತು.

"ಮೇಡಂಗೆ ಒಂದು ಫೋನ್ ಮಾಡಿ ಹೇಳ್ರಿ ಸರ್," ಎಂದೆ.

"ಈ ಕಡೆ ಬಂದಾಗ ನೋಡ್ಲಿ ಬಿಡ್ರಿ. ಹೇಳಾಕೆ ನನ್ ಬಾಯಿ ಬರಾಕಿಲ್ಲ. ನೀವೂ ಹೇಳಬ್ಯಾಡ್ರಿ." ಆಣೆ ಹಾಕಿಸಿಕೊಂಡರು.

ಆದರೆ ಮೇಡಂ ಈ ಕಡೆ ಯಾಕೆ ಬರುತ್ತಾರೆ? ಬರುವಂಥದ್ದು ನಾವೇನು ಉಳಿಸಿದ್ದೆವು? ಮೇಷ್ಟ್ರು ಮಾತ್ರ ಸಿಕ್ಕಾಗೆಲ್ಲ ಬೇರೇನೋ ಮಾತಿನ ನಡುವೆ, "ನ್ಯಾಮತಿ ಕಡೆಯೋರು ಯಾರಾದ್ರೂ ಬಂದಿದ್ರೇನ್ರೀ?" ಎಂದು ಕೇಳುತ್ತಿದ್ದರು. ಕಾದರು, ಕಾದರು, ಹೋದ ತಿಂಗಳು ಹೋಗಿಬಿಟ್ಟರು.

ಶಾಲೆಯಲ್ಲೇ ನಡೆದ ಆ ನುಡಿನಮನಕ್ಕೆ ಮೇಡಂ ಬಂದಿದ್ದರು. ಅವರೂ ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ನಿಗರ್ವಿ ಎಂಬ ಮಾತು ಮೈಕಿನಲ್ಲಿ ಮೂರನೇ ಸಲ ಬಂದಾಗ ನಾನು ಅವರನ್ನು ಎಬ್ಬಿಸಿಕೊಂಡು ಅಂಗಳಕ್ಕೆ ಕರೆತಂದೆ. ಕಲ್ಲಿಗೆ ಯಾರೋ ಹಾರ ಹಾಕಿದ್ದರು, ತಳದ ಸಾಲು ಅದರಡಿ ಮುಚ್ಚಿಹೋಗಿತ್ತು. ಹಾರ ಸರಿಸಿದೆ.

ಮೇಲೆ ಮೇಷ್ಟ್ರ ಹೆಸರು, ಪದವಿ, ಬಿರುದು ಹಾಗೇ ದಪ್ಪಗೆ ಕೂತಿದ್ದವು. ಕೆಳಗೆ ಹೀಗಿತ್ತು: "ಮೇಲಿನ ಮಾತು ತಪ್ಪು. ಈ ಸಂಖ್ಯೆ ಹದಿನೇಳರಿಂದ ಭಾಗವಾಗುತ್ತದೆ. ಮೊದಲು ಕಂಡು ಹೇಳಿದವರು," ಆಮೇಲೆ ಮೇಡಂ ಅವರ ಪೂರ್ತಿ ಹೆಸರು, "ಗಣಿತ ಶಿಕ್ಷಕಿ, ನ್ಯಾಮತಿ."

ಮೇಡಂ ಬಾಗಿದರು. ಗೇಣು ಇಟ್ಟು ಎರಡೂ ಹೆಸರು ಅಳೆದರು.

"ನೋಡ್ರಿ ಸರ್, ನನ್ ಹೆಸರು ಅವರ ಹೆಸರಿನ ಅರ್ಧ ಕೆತ್ತಿಸ್ಯಾರೆ. ಸಾಯೋತನಕ ಬುದ್ಧಿ ಬಿಡ್ಲಿಲ್ಲ."

ನಗುತ್ತಲೇ ಹೇಳಿದರು. ಹೇಳಿ ಅಲ್ಲೇ ನಿಂತರು. ಒಳಗೆ ಚಪ್ಪಾಳೆ ಕೇಳಿಸಿತು. ಯಾರೋ ಕಾಫಿಗೆ ಕರೆದರು. ಅವರು ಕದಲಲಿಲ್ಲ.

"ಸರ್, ಆ ಸಾಲು ಒಂದ್ಸಲ ಜೋರಾಗಿ ಓದ್ರಿ. ಕನ್ನಡಕ ಬಿಟ್ಟು ಬಂದೀನಿ, ಸರಿಯಾಗಿ ಕಾಣಾಕಿಲ್ಲ."

ಕನ್ನಡಕ ಅವರ ಮೂಗಿನ ಮೇಲೇ ಇತ್ತು. ನಾನು ಜೋರಾಗಿ ಓದಿದೆ.